ಇಳಿಜಾರಿನಲ್ಲಿ ನಿದ್ದೆ

ಅಂಟಾನಾನರಿವೊ ಊರಲ್ಲಿ ಹತ್ತದೆ ಇಳಿಯದೆ
ಯಾರೂ ಯಾರ ಮನೆಗೂ ಹೋದದ್ದಿಲ್ಲ.
ಏರಿನ ಮೂರನೇ ತಿರುವಿಗೆ ನನ್ನ ತಗಡಿನ ಶೆಡ್ಡು.
ಅಪ್ಪ ಬಿಟ್ಟುಹೋದದ್ದು ಹನ್ನೊಂದು ಸ್ಪ್ಯಾನರು,
ಒಂದು ಜಾಕು, ಬಾರದ ಬಾಕಿಗಳ ನೋಟುಬುಕ್ಕು.

ಗಾಡಿ ಯಾಕೆ ಇಷ್ಟ ಅಂತ ಕೇಳಿ ನೋಡಿ,
ಎಲ್ಲರೂ ಪೆಟ್ರೋಲಿನ ಲೆಕ್ಕ ಒಪ್ಪಿಸುತ್ತಾರೆ.
ಅಡಿಯಲ್ಲಿ ಅಂಗಾತ ಮಲಗಿ ನಾನು ಹೂಂಗುಡುತ್ತೇನೆ.

ಬೆರ್ತೀನ್ ಮೇಡಂ, ಪಿಯಾನೊ ಕಲಿಸುವವರು,
ಅವರದು ಹಳೇ ಸಿತ್ರೊಎನ್ನು.
‘ಎರಡು ಕುದುರೆ’ ಅಂತಲೇ ಅದರ ಹೆಸರು, ಎರಡೂ ಮುದಿ.
ಗುಂಡಿ ಸಿಕ್ಕರೆ ಕುಣಿಯುತ್ತದೆ,
ಗುಂಡಿ ದಾಟಿದ ಮೇಲೂ ಒಂದಿಷ್ಟು ಕುಣಿಯುತ್ತದೆ.
‘ಬಿಡಿಭಾಗ ಅಗ್ಗ, ಅದಕ್ಕೇ’ ಎನ್ನುತ್ತಾರೆ.
ಸುಳ್ಳು. ಅದರ ಬಟ್ಟೆಯ ಮಾಡನ್ನು ಹಿಂದಕ್ಕೆ ಸುತ್ತಿ
ಅನೋಸಿ ಕೆರೆಯ ದಂಡೆಯಲ್ಲಿ ಸೀಟಿನ ಮೇಲೆ ಎದ್ದು ನಿಂತು
ಜಕರಂದದ ಕೊಂಬೆಗೆ ಕೈ ಹಾಕಿದ್ದನ್ನು ಕಂಡಿದ್ದೇನೆ,
ಅರವತ್ತೆಂಟರಲ್ಲಿ, ಚಪ್ಪಲಿ ಬಿಚ್ಚಿಟ್ಟು.

ಸೊಲೊಫೊದು ರೆನೊ ಫೋರು, ಟ್ಯಾಕ್ಸಿ. ಬೆಣ್ಣೆ ಬಣ್ಣ,
ಅದರಡಿ ಮತ್ತೂ ಬೆಣ್ಣೆ ಬಣ್ಣ, ಅದರಡಿ ತುಕ್ಕು.
ಗೇರು, ಡ್ಯಾಶ್‌ಬೋರ್ಡಿನಿಂದ ಹೊರಚಾಚಿದ ಛತ್ರಿಯ ಹಿಡಿ.
ಪೆಟ್ರೋಲು, ಕೂತವರ ಕಾಲ ಬುಡದ ಬಾಟಲಿಯಲ್ಲಿ.
‘ಒದೀಬೇಡಿ, ಅದು ನನ್ನ ಅನ್ನ.’
ಇಳಿಜಾರು ಬಂತೋ, ಕೀಲಿ ತಿರುವಿ ಎಂಜಿನ್ ಆರಿಸುತ್ತಾನೆ.
ಆಗ ಬಟ್ಟೆ ಒಗೆಯುವ ಸದ್ದು,
ಯಾರದೋ ಅಡುಗೆಮನೆಯ ಜಗಳ,
ಚರ್ಚಿನಲ್ಲಿ ಮಕ್ಕಳು ಅಪಸ್ವರ ತಿದ್ದಿಕೊಳ್ಳುವುದು
ಎಲ್ಲ ಕಿಟಕಿಯಿಂದ ಒಳಗೆ ಬಂದು ಕೂರುತ್ತವೆ.
‘ಮಲಗಿದೆ’ ಎನ್ನುತ್ತಾನೆ ದನಿ ತಗ್ಗಿಸಿ,
‘ಮಲಗಿದ್ದಾಗ ಏನೂ ತಿನ್ನೋದಿಲ್ಲ.’

ಹತ್ತು ವರ್ಷದವಳು ನಾನು, ಟೇಪು ಹಿಡಿದು ಅಳೆದಿದ್ದೆ:
ಈ ಜಾತಿಯ ಗಾಡಿಗೆ ಬಲಗಡೆ ಗಾಲಿಗಳ ನಡುವಿನ ದೂರ
ಎಡಗಡೆಗಿಂತ ಎರಡೂವರೆ ಬೆರಳು ಜಾಸ್ತಿ.
ಅಪ್ಪಾ, ಇದು ಕುಂಟು! ಅಂದೆ.
ಹುಟ್ಟಿದ್ದೇ ಹಾಗೆ, ಅಂದ. ನೆಟ್ಟಗೆ ಹೋಗುತ್ತೆ ತಾನೆ?

ತಾಹಿರಿ, ಸೊಲೊಫೊನ ಅಕ್ಕನ ಮಗ, ಹೋದ ಜೂನಿನಲ್ಲಿ
ಹಡಗಿನಿಂದಿಳಿದ ಕೊರಿಯಾದ ಸೆಕೆಂಡ್‌ಹ್ಯಾಂಡು ತಂದ.
ಸೀಟಿಗೆಲ್ಲ ಪ್ಲಾಸ್ಟಿಕ್ಕು ಹೊದಿಸಿದ.
ಎಸಿಗಾಗಿಯೇನೋ? ಹಾಡಿನ ಪೆಟ್ಟಿಗೆಗೇನೋ?
ಮುಖ ತಿರುಗಿಸಿ ನಕ್ಕ, ಹೇಳಲಿಲ್ಲ.
ಒಂದು ಬೆಳಗ್ಗೆ ಮಾವನ ಕೈಗೆ ಕೀಲಿ ಕೊಟ್ಟ,
‘ಓಡಿಸು, ಸುಖ ಅಂದರೇನು ಗೊತ್ತಾಗಲಿ.’

ಏರು ಹತ್ತಿದ ಸೊಲೊಫೊ, ಹೊಗೆಯಿಲ್ಲದೆ, ದೊರೆಯ ಹಾಗೆ.
ತುದಿ ಮುಟ್ಟಿ ಇಳಿಜಾರು ಕಂಡದ್ದೇ ತಡ
ಕೈ ತಾನಾಗಿ ಕೀಲಿಗೆ ಹೋಯಿತು.
ಸ್ಟಿಯರಿಂಗು ಕಲ್ಲಾಯಿತು.
ಬ್ರೇಕು ಎರಡು ಸಲ ಮಾತು ಕೇಳಿ
ಮೂರನೆಯದಕ್ಕೆ ಕೊರಡಾಯಿತು.
ಮೂಲೆಯಲ್ಲಿ ಹಾನ್ತಳ ಮೊಫೊ ಗಾಸಿ ಅಂಗಡಿ:
ಗುಳಿಗುಳಿ ಕಾವಲಿ, ಸ್ಟೂಲು,
ಬಕೆಟ್ಟು ತುಂಬ ಹುದುಗೆದ್ದ ಅಕ್ಕಿಹಿಟ್ಟು.
ಹಾನ್ತ ಜಿಗಿದಳು. ಹಿಟ್ಟೂ ಜಿಗಿಯಿತು, ಎದುರು ದಿಕ್ಕಿಗೆ.

ಯಾರಿಗೂ ಏನೂ ಆಗಲಿಲ್ಲ. ಕಾರಿನದೊಂದು ಕಣ್ಣು ಹೋಗಿತ್ತು,
ಪ್ಲಾಸ್ಟಿಕ್ಕಿನ ಮೇಲೆ ಬೀದಿಯ ತಿಂಡಿ ಇಳಿಯುತ್ತಿತ್ತು.
‘ಅದಕ್ಕೆ ಮಲಗೋದೇ ಗೊತ್ತಿಲ್ಲ ಕಣೇ’ ಸೊಲೊಫೊ ನಡುಗಿದ,
‘ಎದ್ದಿರಬೇಕು, ಇಲ್ಲಾ ಹೆಣ.’

ತಾಹಿರಿ ಓಡಿಬಂದ. ನಾವೆಲ್ಲ ಬೈಗುಳಕ್ಕೆ ಕಿವಿ ಗಟ್ಟಿಮಾಡಿಕೊಂಡೆವು.
ನೆಗ್ಗಿದ ಬಂಪರು ನೋಡಲಿಲ್ಲ ಅವನು, ಮಾವನನ್ನೂ.
ಕೀಲಿ ಕಿತ್ತುಕೊಂಡು ಗುಂಡಿ ಒತ್ತಿದ.
ಟಕ್.
ನಾಲ್ಕು ಬಾಗಿಲೂ ಒಟ್ಟಿಗೆ ಬಿಗಿದುಕೊಂಡವು.
ಆಮೇಲಷ್ಟೇ ಉಸಿರು ಬಿಟ್ಟದ್ದು.
ನನಗೆ ಕೆಳಗಿನ ಕೇರಿಯ ಅವರ ಕೋಣೆ ನೆನಪಾಯಿತು:
ಏಳು ಜನ, ಎರಡು ಚಾಪೆ,
ಬಾಗಿಲಿರಬೇಕಾದಲ್ಲಿ ಗೋಣಿಯ ಪರದೆ.
ಗಾಳಿ ಬೀಸಿದರೆ ಬೀದಿಯೇ ಒಳಗೆ.

ಹೆಡ್‌ಲೈಟು ಸಿಗುವುದಕ್ಕೆ ಮೂರು ವಾರ.
ಸೊಲೊಫೊ ಸಂಜೆಗೇ ತನ್ನ ಮುದುಕಿಗೆ ಮರಳಿದ;
ಹಾನ್ತಳಿಗೆ ದಿನಾ ಎರಡು ಕ್ಯಾನು ನೀರು ಹೊರುತ್ತಾನೆ,
ಹಿಟ್ಟಿನ ಸಾಲ ತೀರುವ ತನಕ.

ನನ್ನದಾ? ನನಗೆ ಕಾರಿಲ್ಲ.
ಶೆಡ್ಡಿನ ಹಿಂದೆ ಎಂಜಿನ್ ಕಿತ್ತ ಚಿಪ್ಪೊಂದಿದೆ,
ಅದರೊಳಗೆ ಕೂತು ಬುತ್ತಿ ಉಣ್ಣುತ್ತೇನೆ.
ಯಾಕೆ ಅಂತ ಕೇಳಬೇಡಿ, ಪೆಟ್ರೋಲಿನ ಲೆಕ್ಕ ಹೇಳಿಯೇನು.

ರಾತ್ರಿ ಓಣಿಯ ಕೊನೆಯಿಂದ: ಟಕ್.
ಮೆಟ್ಟಿಲು ಹತ್ತುವ ಹೆಜ್ಜೆ.
ನಾಯಿ ಒಂದು ಸಲ ಬೊಗಳಿ ಸುಮ್ಮನಾಗುತ್ತದೆ.
ಎಷ್ಟೋ ಹೊತ್ತಿನ ಮೇಲೆ
ಬರಿಗಾಲು ಕೆಳಗಿಳಿದು ಬಂದು
ಮತ್ತೊಮ್ಮೆ, ಟಕ್.